ಗಡಿಯಾರ ಟೀಚರ್ ಮಗಳು

ಒಂದು ಬಡಾವಣೆಯ ಮಕ್ಕಳಿಗೆಲ್ಲ ಹೊತ್ತಿಗೆ ಸರಿಯಾಗಿ ಉಚ್ಚೆ ಹೊಯ್ಯುವುದನ್ನು ಕಲಿಸಿದ ಕೀರ್ತಿ ಎಲ್ಲರಿಗೂ ಒದಗಿ ಬರುವಂಥದ್ದಲ್ಲ. ಗಡಿಯಾರ ಟೀಚರ್‌ಗೆ ಅದು ಒದಗಿ ಬಂದಿತ್ತು, ಮತ್ತು ಅದನ್ನು ಸಣ್ಣ ಸಂಗತಿಯೆಂದು ಅವರು ಯಾವತ್ತೂ ತಿಳಿದವರಲ್ಲ. ಶಾಲೆಯ ನೆಲಮಹಡಿಯಲ್ಲಿ, ದೊಡ್ಡವರ ಮೊಣಕಾಲೆತ್ತರಕ್ಕೆ ಕೂರಿಸಿದ ಬೇಸಿನ್‌ಗಳ ಪಕ್ಕದಲ್ಲಿ ಅವರ ತರಗತಿ. ಗೋಡೆಯ ಮೇಲೆ ಅಗಲವಾದ ಒಂದು ಗಡಿಯಾರ. ಅದರ ಮುಳ್ಳು ಇಂತಲ್ಲಿಗೆ ಬಂತೆಂದರೆ ಆಟವೋ ಹಾಡೋ ಅಳುವೋ, ಏನಿದ್ದರೂ ಅಲ್ಲಿಗೇ ಬಿಟ್ಟು ಮಕ್ಕಳು ಒಬ್ಬರ ಅಂಗಿಯ ತುದಿಯನ್ನು ಇನ್ನೊಬ್ಬರು ಹಿಡಿದುಕೊಂಡು ಬಚ್ಚಲ ಕಡೆ ಹೊರಡಬೇಕು. ಬರಲಿ ಬಿಡಲಿ, ಕೂತು ಏಳಬೇಕು. ಮೂರು ತುಂಬಿದರೂ ಡೈಪರ್ ಬಿಡದ ಮಗುವನ್ನು ಎತ್ತಿಕೊಂಡು, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಮುಖ ಮಾಡಿಕೊಂಡು ಬರುವ ತಾಯಂದಿರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: ಒಂದು ತಿಂಗಳು ನನ್ನ ಕೈಗೆ ಬಿಡಿ, ಆಮೇಲೆ ಬಂದು ಮಾತಾಡಿ. ತಿಂಗಳು ಕಳೆಯುವಷ್ಟರಲ್ಲಿ ಅದೇ ತಾಯಂದಿರು ಬೀದಿಯಲ್ಲಿ ಸಿಕ್ಕಸಿಕ್ಕವರ ಮುಂದೆಲ್ಲ ಟೀಚರ ಗುಣಗಾನ ಮಾಡುತ್ತಿದ್ದರು.

ಅವರು ಹೊಡೆಯುವವರಲ್ಲ, ಗದರುವವರಲ್ಲ. ಅದು ಅವರ ಹೆಮ್ಮೆ. ಮಗುವೊಂದು ಚಡ್ಡಿ ಒದ್ದೆ ಮಾಡಿಕೊಂಡರೆ ಅದನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಅದರ ಕಣ್ಣಿನ ಮಟ್ಟಕ್ಕೆ ತಾವೂ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಕೇಳುತ್ತಿದ್ದರು: ಗೊತ್ತಿಲ್ಲದೆ ಆಯಿತೋ, ಬೇಕಂತ ಮಾಡಿದೆಯೋ? ಯಾವ ಉತ್ತರ ಬಂದರೂ ಬೈಗುಳವಿಲ್ಲ. ನಿಜ ಹೇಳಿದರೆ ಒಂದು ಅಪ್ಪುಗೆ, ಒಂದು ಒಣಗಿದ ಚಡ್ಡಿ, ಅಲ್ಲಿಗೆ ಮುಗಿಯಿತು. ಬ್ಲಾಕು ಜೋಡಿಸುವುದನ್ನು ಬಿಟ್ಟು ಏಳಲು ಮನಸ್ಸಾಗದೆ ಕೂತಲ್ಲೇ ಬಿಟ್ಟುಬಿಟ್ಟ ಪೋರಪೋರಿಯರು, 'ಬೇಕಂತಲೇ ಮಾಡ್ದೆ' ಎಂದು ಕಿಸಕ್ಕನೆ ನಕ್ಕು ಒಪ್ಪಿಕೊಳ್ಳುತ್ತಿದ್ದರು. ಮಗುವಿನ ಬಾಯಿಂದ ನಿಜ ಹೊರಡಿಸುವುದು ಹೇಗೆಂದು ಹೊಸ ಟೀಚರುಗಳಿಗೆ ಅವರು ಪಾಠ ಬೇರೆ ಹೇಳುತ್ತಿದ್ದರು.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದವಳು ಗುಬ್ಬಿ. ಅದೇ ಶಾಲೆಯಲ್ಲಿ ಎರಡನೆಯ ಇಯತ್ತೆ, ಮುಂದಿನ ಹಲ್ಲು ಬಿದ್ದು ಹೊಸದು ಅರ್ಧ ಬಂದಿರುವ ವಯಸ್ಸು. ಗುಬ್ಬಿ ಯಾವಾಗಲೂ ಒದ್ದೆ.

ಹೊಳೆಯಂತೆ ಹರಿಯುತ್ತಿತ್ತೆಂದಲ್ಲ. ಬರೀ ತೇವ. ಎದ್ದಾಗ, ಕೂತಾಗ, ಆಡುವಾಗ, ನಿದ್ದೆಯಲ್ಲಿ, ಯಾವಾಗ ಮುಟ್ಟಿ ನೋಡಿದರೂ ಚಡ್ಡಿಯ ಬುಡ ತೇವ. ಕುರ್ಚಿಯ ಮೇಲೆ ಕೂತೆದ್ದರೆ ಒಂದು ಗುರುತು. ಹತ್ತಿರ ಬಂದರೆ ಒಂದು ವಾಸನೆ. ಬಣ್ಣದ ಲಂಗಗಳೆಲ್ಲ ಪೆಟ್ಟಿಗೆ ಸೇರಿ, ಗುರುತು ಕಾಣದ ಗಾಢ ನೀಲಿ, ಗಾಢ ಕಂದುಗಳೇ ಉಳಿದವು. ಒಳಗೆ ಮಡಿಸಿಟ್ಟ ಹಳೆಯ ಬಟ್ಟೆ, ಸ್ಕೂಲಿನ ಚೀಲದ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇನ್ನೊಂದು ಜೊತೆ. ಯಾರ ಮನೆಗೆ ಹೋದರೂ ಗುಬ್ಬಿ ಸೋಫಾದ ಮೇಲೆ ಕೂರುತ್ತಿರಲಿಲ್ಲ. ಕೂರಮ್ಮ ಎಂದರೆ, ನಿಂತರೇ ಚೆನ್ನಾಗಿರುತ್ತೆ ಆಂಟಿ ಎನ್ನುತ್ತಿದ್ದಳು. ಎಷ್ಟು ವಿನಯದ ಹುಡುಗಿ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು.

ಬರೀ ಒದ್ದೆಯಾಗಿದ್ದರೆ ಟೀಚರ್ ಸಹಿಸಿಕೊಳ್ಳುತ್ತಿದ್ದರೇನೋ. ಅವರ ತಲೆ ಕೆಡಿಸಿದ್ದು ಬೇರೆಯೇ. ಗುಬ್ಬಿಗೆ ಬಚ್ಚಲಿಗೆ ಹೋಗಲು ಬರುತ್ತಿತ್ತು. ಎಲ್ಲ ಮಕ್ಕಳಿಗಿಂತ ಚೆನ್ನಾಗಿಯೇ ಬರುತ್ತಿತ್ತು. ಬಂತು ಎಂದು ತಾನೇ ಎದ್ದು ಹೋಗುತ್ತಿದ್ದಳು, ಧಾರಾಳವಾಗಿ ಹೊಯ್ದು, ನೀರು ಹಾಕಿ, ಕೈ ತೊಳೆದು ಬರುತ್ತಿದ್ದಳು. ಬಂದು ಕೂತು ಅರೆಗಳಿಗೆಯಾಗುವಷ್ಟರಲ್ಲಿ ಮತ್ತೆ ತೇವ. ಹಾಗಾದರೆ ಇದೇನು? ಬರದಿದ್ದರೆ ಕಲಿಸಬಹುದು. ಬಂದೂ ಹೀಗೆ ಮಾಡುತ್ತಾಳೆಂದರೆ ಅದು ಹಟವಲ್ಲದೆ ಇನ್ನೇನು? ನೂರಾರು ಮಕ್ಕಳನ್ನು ಕಂಡಿದ್ದ ಟೀಚರ್ ತಮ್ಮ ಮೂಗಿನ ನೇರಕ್ಕೆ ತೀರ್ಮಾನ ಮಾಡಿಬಿಟ್ಟರು. ಅವರ ಕೈಗೆ ಸಿಕ್ಕಿದ ದೊಡ್ಡ ಸುಳಿವೇ ಅದು. ಆ ಸುಳಿವನ್ನೇ ಹಿಡಿದು ಅವರು ಮಗಳ ಮೇಲೆ ತಪ್ಪು ಹೊರಿಸಿದರು.

ಶಾಲೆಯಿಂದ ಬಂದಮೇಲೆ ಅಡುಗೆಮನೆಯಲ್ಲಿ ವಿಚಾರಣೆ. ಗುಬ್ಬಿ ಸ್ಟೂಲಿನ ಮೇಲೆ, ಎದುರಿಗೆ ಅಮ್ಮ ಕುಕ್ಕರಗಾಲಲ್ಲಿ, ಅದೇ ಮೆಲುದನಿ, ಅದೇ ಪ್ರಶ್ನೆ. ಮೊದಮೊದಲು ಗುಬ್ಬಿ ಗೊತ್ತಿಲ್ಲ ಎನ್ನುತ್ತಿದ್ದಳು. ಈಗ ತಾನೇ ಹೋಗಿ ಬಂದವಳಿಗೆ ಗೊತ್ತಿಲ್ಲದೆ ಹೇಗಾಗುತ್ತೆ ಎಂದು ಅಮ್ಮ ಕೇಳುತ್ತಿದ್ದರು. ಅದೂ ಗೊತ್ತಿಲ್ಲ. ಅಮ್ಮ ಗದರುತ್ತಿರಲಿಲ್ಲ, ಆದರೆ ಏಳುತ್ತಲೂ ಇರಲಿಲ್ಲ. ನಿಜ ಹೇಳುವವರೆಗೆ ಇಬ್ಬರೂ ಇಲ್ಲೇ ಇರೋಣ ಎನ್ನುತ್ತಿದ್ದರು. ಒಲೆಯ ಮೇಲಿನ ಹಾಲು ಆರಿ ಕೆನೆ ಕಟ್ಟುತ್ತಿತ್ತು. ಕೊನೆಗೊಂದು ದಿನ, ಆಟವಾಡಿ ಬಂದು ಹಸಿದು ಬೆಂಡಾಗಿದ್ದ ಗುಬ್ಬಿ ಗೋಡೆಯ ಕಡೆ ನೋಡುತ್ತ, "ಬೇಕಂತಲೇ ಮಾಡ್ದೆ" ಎಂದಳು.

ಅಮ್ಮ ತಟ್ಟನೆ ಎದ್ದು ಅವಳನ್ನು ಬಾಚಿ ತಬ್ಬಿಕೊಂಡರು. ನೋಡು, ನಿಜ ಹೇಳಿದರೆ ಮನಸ್ಸು ಎಷ್ಟು ಹಗುರವಾಗುತ್ತೆ ಎಂದು ತಲೆ ನೇವರಿಸಿದರು. ಹಾಲು ಬಿಸಿ ಮಾಡಿ ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿ ಕೊಟ್ಟರು.

ಗುಬ್ಬಿ ದಡ್ಡಿಯಲ್ಲ. ಮಾರನೆಯ ದಿನದಿಂದ ವಿಚಾರಣೆ ಎರಡು ಮಾತಿಗೆ ಮುಗಿಯತೊಡಗಿತು. ಕಡೆಗೂ ಬೇರು ಸಿಕ್ಕಿತು ಎಂದು ಟೀಚರ್ ಗಂಡನ ಮುಂದೆ ಹೇಳಿಕೊಂಡರು. ಇನ್ನು ನೀರು ಕಡಿಮೆ ಮಾಡಿಸಿದರೆ ತಾನೇ ದಾರಿಗೆ ಬರುತ್ತಾಳೆ ಎಂದು ಲೋಟ ಚಿಕ್ಕದು ಮಾಡಿದರು. ಆಟದ ಬಯಲಿನಿಂದ ಬಂದರೂ ಕೇಳಿಯೇ ಕುಡಿಯಬೇಕು ಎಂದು ಕಟ್ಟಪ್ಪಣೆಯಾಯಿತು.

ಗಂಡ ಲಿಫ್ಟು ರಿಪೇರಿ ಕಂಪನಿಯಲ್ಲಿ ಕೆಲಸಗಾರ. ದಿನವಿಡೀ ಬೇರೆಯವರ ಕಟ್ಟಡಗಳಲ್ಲಿ ಹಗ್ಗ, ಗಾಲಿ, ಗ್ರೀಸಿನ ನಡುವೆ ಇದ್ದು ಮನೆಗೆ ಬಂದರೆ ಮಾತು ಕಡಿಮೆ. ಆದರೂ ಎರಡು ಮೂರು ಸಲ, ಒಮ್ಮೆ ಡಾಕ್ಟರಿಗೆ ತೋರಿಸಿಬಿಡೋಣ ಎಂದಿದ್ದ. ಹೆಂಡತಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತೆ ಎತ್ತಿದಾಗ ಅವರ ಒಳಗಿದ್ದದ್ದು ಹೊರಗೆ ಬಂತು.

"ತೋರಿಸಿ ಏನಂತ ಹೇಳ್ಲಿ? ಊರವರ ಮಕ್ಕಳಿಗೆಲ್ಲ ಕಲಿಸ್ತೀನಿ, ನನ್ನ ಮಗಳು ಮಾತ್ರ ಚಡ್ಡಿ ಒದ್ದೆ ಮಾಡ್ಕೋತಾಳೆ ಅಂತಾನಾ? ನಾಳೆಯಿಂದ ನನ್ನ ಮುಖ ಎಲ್ಲಿ ಇಟ್ಕೊಳ್ಲಿ?"

ಜಗಳವೆಂದರೆ ಅವನಿಗೆ ಆಗದು. ಮಗಳಿಗಾಗಿಯಾದರೂ ಒಂದು ಜಗಳ ಆಡಬೇಕಿತ್ತು, ಆಡಲಿಲ್ಲ. ಆ ಲೆಕ್ಕದಲ್ಲಿ ಅವನದೂ ಪಾಲಿದೆ.

ಆ ಬೇಸಗೆಯಲ್ಲಿ ಗುಬ್ಬಿಗೆ ಜ್ವರ ಬಂತು. ಮೈ ಕೆಂಡ, ನಡು ಹಿಡಿದುಕೊಂಡು ಅಳು. ಮಕ್ಕಳ ಡಾಕ್ಟರು ಬಡಾವಣೆಗೆಲ್ಲ ಬೇಕಾದ, ನಿವೃತ್ತಿಯ ವಯಸ್ಸು ದಾಟಿಯೂ ಬಾಗಿಲು ಮುಚ್ಚದ ಹೆಂಗಸು. ಟೀಚರನ್ನು ಕಂಡ ಕೂಡಲೇ ಮುಖವರಳಿಸಿ, ನಮ್ಮ ಮೊಮ್ಮಗನಿಗೆ ಡೈಪರ್ ಬಿಡಿಸಿದ ಪುಣ್ಯಾತ್ಗಿತ್ತಿ ನೀವೇ ಅಲ್ಲವೇ, ಸೊಸೆ ನಿಮ್ಮ ಹೆಸರು ಹೇಳದ ದಿನವಿಲ್ಲ ಎಂದರು. ಟೀಚರ್ ಸಂಕೋಚದಿಂದ ನಕ್ಕರು. ಮೂತ್ರದಲ್ಲಿ ಸೋಂಕಾಗಿದೆ ಎಂದು ಡಾಕ್ಟರು ಮದ್ದು ಬರೆಯುತ್ತ, ವಾಡಿಕೆಯ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ಹಗಲು ಹೊತ್ತು ಬಟ್ಟೆ ಒದ್ದೆಯಾಗುವುದು, ಹನಿಯುವುದು, ಅಂಥದ್ದೇನಾದರೂ ಉಂಟೇ?

"ಅಂಥದ್ದೇನಿಲ್ಲ ಡಾಕ್ಟ್ರೇ" ಎಂದರು ಟೀಚರ್.

ಮಾತು ಬಾಯಿಂದ ಬಿದ್ದಮೇಲೆ ಅವರು ಮಗಳ ಕಡೆ ನೋಡಿದರು. ಎತ್ತರದ ಮಂಚದ ಮೇಲೆ, ಕಾಗದ ಹಾಸಿದಲ್ಲಿ, ಮೈ ಮುದುಡಿಕೊಂಡು ಮಲಗಿದ್ದ ಗುಬ್ಬಿ ಅಮ್ಮನನ್ನೇ ನೋಡುತ್ತಿದ್ದಳು. ಬೆರಗೂ ಇಲ್ಲ, ದೂರೂ ಇಲ್ಲ. ಆಮೇಲೆ ಮೆಲ್ಲಗೆ ಕೈ ಕೆಳಗೆ ಮಾಡಿ, ಒಳಗಿನ ಬಟ್ಟೆ ಕಾಣದ ಹಾಗೆ ಲಂಗವನ್ನು ಮೊಣಕಾಲಿನವರೆಗೆ ಎಳೆದುಕೊಂಡಳು. ಟೀಚರ್‌ಗೆ ಮುಖ ಸುಟ್ಟ ಹಾಗಾಯಿತು. ಆದರೆ ಸುಳ್ಳು ಹೇಳಿಯಾಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಹೇಳುವುದಕ್ಕಿಂತ ಹೆಚ್ಚು ಗುಂಡಿಗೆ ಬೇಕು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದ್ದಾಯಿತು, ಅದರಲ್ಲಿ ಏನೂ ಕಾಣಲಿಲ್ಲ, ಔಷಧಿಗೆ ಜ್ವರ ಇಳಿಯಿತು. ಎಲ್ಲ ಸರಿಯಾಗಿದೆ ಎಂದು ಟೀಚರ್ ತಮಗೆ ತಾವೇ ಹೇಳಿಕೊಂಡರು.

ಶಾಲೆ ಮತ್ತೆ ಶುರುವಾದ ಸ್ವಲ್ಪ ದಿನಕ್ಕೇ ಎರಡನೆಯ ಜ್ವರ. ಈ ಸಲ ನಡುಕ, ವಾಂತಿ. ಡಾಕ್ಟರು ಹೊಟ್ಟೆ ಮುಟ್ಟಿ ನೋಡುವಾಗ ಲಂಗ ಸಡಿಲಿಸಿದರು. ಮಡಿಸಿಟ್ಟ ಬಟ್ಟೆ ಕಾಣಿಸಿತು. ಅದರ ಕೆಳಗೆ ಚರ್ಮ ಸವೆದು ಕೆಂಪಾಗಿತ್ತು. ಅವರು ಅದನ್ನು ತೆಗೆದು, ಒಣಬಟ್ಟೆ ತರಿಸಿ, ಮಗುವಿಗೆ ಹೊದಿಸಿ, ಕೈ ತೊಳೆದು ಬಂದು ಕುರ್ಚಿಯಲ್ಲಿ ಕೂತರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು.

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಟೀಚರ್‌ಗೆ. ನಾಚಿಕೆಯಾದಾಗ ಕೆಲವರು ತಲೆ ತಗ್ಗಿಸುತ್ತಾರೆ, ಕೆಲವರು ಬೆರಳು ತೋರಿಸುತ್ತಾರೆ. ಟೀಚರ್ ಎರಡನೆಯ ಜಾತಿಗೆ ಸೇರಿದವರು.

"ಮೊದ್ಲಿಂದ್ಲೂ ಡಾಕ್ಟ್ರೇ. ಇದು ಕಾಯಿಲೆಯಲ್ಲ, ಹಟ. ಬಾತ್ರೂಮಿಗೆ ಸರಿಯಾಗಿ ಹೋಗ್ತಾಳೆ, ಪೂರ್ತಿ ಮಾಡ್ತಾಳೆ, ಬಂದ ಮೇಲೂ ಒದ್ದೆ ಮಾಡ್ಕೋತಾಳೆ. ನಾನೇನೂ ಸುಮ್ನೆ ಹೇಳ್ತಿಲ್ಲ, ಅವಳೇ ಒಪ್ಕೊಂಡಿದಾಳೆ, ಬೇಕಂತಲೇ ಮಾಡ್ತೀನಿ ಅಂತ. ಬೇಕಾದ್ರೆ ಕೇಳಿ."

ಡಾಕ್ಟರು ಕೇಳಲಿಲ್ಲ. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಸರಿಯಾಗಿ ಹೋಗುತ್ತಾಳೆ, ಆದರೂ ಯಾವಾಗಲೂ ತೇವ, ಹೌದೇ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಹಗಲೂ ರಾತ್ರಿಯೂ? ಒಂದು ದಿನವೂ ಒಣಗಿದ್ದಿಲ್ಲವೇ? ಆಮೇಲೆ ಗುಬ್ಬಿಯನ್ನು ಬಚ್ಚಲಿಗೆ ಕಳಿಸಿದರು. ಬಂದವಳನ್ನು ಮಂಚದ ಮೇಲೆ ಮಲಗಿಸಿ, ಬಿಳಿಯ ಒಣಬಟ್ಟೆಯೊಂದನ್ನು ಇಟ್ಟು, ಸುಮ್ಮನೆ ಕಾಯುತ್ತ ಕೂತರು. ಗುಬ್ಬಿ ಕಣ್ಣು ಮುಚ್ಚಿ ತುಟಿ ಕಚ್ಚಿಕೊಂಡು, ಎರಡೂ ಮುಷ್ಟಿ ಬಿಗಿ ಹಿಡಿದು ಮಲಗಿದ್ದಳು. ಈ ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಮಗು ತನ್ನ ಪುಟ್ಟ ಮೈಯೆಲ್ಲ ಗಟ್ಟಿ ಮಾಡಿಕೊಂಡಿದ್ದು ಟೀಚರ ಕಣ್ಣಿಗೆ ಬಿತ್ತು. ಅಷ್ಟಾದರೂ ಬಟ್ಟೆಯ ಮೇಲೆ ಒಂದು ಚುಕ್ಕೆ ಮೂಡಿತು. ನೋಡುನೋಡುತ್ತಿದ್ದಂತೆ ಅಗಲವಾಯಿತು.

ನಾಳೆ ನಾಡಿದ್ದರಲ್ಲಿ ಎಂಆರ್‌ಐ ಮಾಡಿಸಬೇಕು, ಜ್ವರ ಇಳಿಯಲಿ ಎಂದರು ಡಾಕ್ಟರು. ಹಿಂದಿನ ಸ್ಕ್ಯಾನಿನಲ್ಲಿ ಕಾಣದ್ದು ಇದರಲ್ಲಿ ಕಾಣುತ್ತದೆ, ಮೂತ್ರ ಹರಿಯುವ ಹಾದಿಯೆಲ್ಲ ಬೆಳ್ಳಗೆ ಎದ್ದು ಕಾಣುತ್ತದೆ. ತನಗೊಂದು ಅನುಮಾನವಿದೆ, ನೋಡದೆ ಹೇಳುವುದಿಲ್ಲ. ಅಲ್ಲಿಯವರೆಗೆ ಒಂದು ಉಪಕಾರ ಮಾಡಿ ಎಂದು ಟೀಚರ ಕಡೆ ತಿರುಗಿ, ಮಗುವನ್ನು ಈ ವಿಷಯವಾಗಿ ಏನೂ ಕೇಳಬೇಡಿ ಎಂದರು.

ಕೇಳದೇ ಇರುವುದು ಎಷ್ಟು ಕಷ್ಟವೆಂದು ಟೀಚರ್‌ಗೆ ಆಗ ತಿಳಿಯಿತು. ಆ ಸಂಜೆ ಗುಬ್ಬಿ ತಾನಾಗಿಯೇ ಅಡುಗೆಮನೆಗೆ ಬಂದು ಸ್ಟೂಲ್ ಹತ್ತಿ ಕೂತಿದ್ದಳು. ಇವತ್ತು ಏನೂ ಇಲ್ಲ, ಹೋಗಿ ಆಡಿಕೋ ಎಂದರೆ ಇಳಿಯಲೊಲ್ಲಳು. ಅಮ್ಮನಿಗೆ ಕೋಪ ಬಂದಿದೆ ಎಂದುಕೊಂಡಿದ್ದಳು.

ಸ್ಕ್ಯಾನ್ ಇದ್ದ ದಿನ ಮೂವರೂ ಹೋದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ತಣ್ಣನೆಯ ಉದ್ದ ಮೊಗಸಾಲೆಯ ಕೊನೆಗೆ ದಪ್ಪ ಬಾಗಿಲು. ಒಳಗಿರುವುದು ದೊಡ್ಡ ಅಯಸ್ಕಾಂತ, ಕಬ್ಬಿಣದ್ದೇನನ್ನೂ ತರುವ ಹಾಗಿಲ್ಲ ಎಂದು ಹೇಳಿ ಟೆಕ್ನೀಷಿಯನ್ ಒಂದು ಬುಟ್ಟಿ ಹಿಡಿದ. ಗುಬ್ಬಿಯ ಕೂದಲ ಪಿನ್ನು, ಅಮ್ಮನ ಕೀಲಿಗೊಂಚಲು, ಕೈಗಡಿಯಾರ, ಅಪ್ಪನ ಬೆಲ್ಟು ಎಲ್ಲ ಬುಟ್ಟಿಗೆ ಬಿದ್ದವು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಅಪ್ಪ ಹೊರಗೆ ಕೂತ. ಅಪ್ಪನ ಪ್ಯಾಂಟು ಜಾರುತ್ತೆ ಎಂದು ಗುಬ್ಬಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

ಟೆಕ್ನೀಷಿಯನ್ ದಪ್ಪ ಮೀಸೆಯ, ಬಾಯಿ ಮುಚ್ಚದ ಮನುಷ್ಯ. ನೀರಿನ ಬಾಟಲಿ ಕೊಟ್ಟು, ಇದನ್ನೆಲ್ಲ ಕುಡಿದು ಮುಗಿಸಬೇಕು, ನೀರಿದ್ದಷ್ಟೂ ಚಿತ್ರ ಚೆನ್ನ ಎಂದ. ಗುಬ್ಬಿ ಬಾಟಲಿ ಹಿಡಿದು ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದರು. ಒಂದು ಗುಟುಕು ಕುಡಿದು ಮತ್ತೆ ನೋಡಿದಳು. ಮತ್ತೆ ತಲೆಯಾಡಿಸಿದರು. ಹೀಗೆ ಗುಟುಕಿಗೊಂದು ಅಪ್ಪಣೆ. ಇದೇನಮ್ಮ, ಬಾಯಾರಿಕೆಗೂ ಅಮ್ಮನ ರುಜು ಬೇಕಾ ಎಂದು ಅವನು ತಮಾಷೆ ಮಾಡಿದ. "ನಂಗೆ ಬಾಯಾರಿಕೆ ಆಗಲ್ಲ ಅಂಕಲ್" ಎಂದಳು ಗುಬ್ಬಿ, ಅಮ್ಮನನ್ನು ಬಿಟ್ಟುಕೊಡದೆ. ಹೇಳಿ ಅರ್ಧ ಬಾಟಲಿಯನ್ನು ಒಂದೇ ಉಸಿರಿಗೆ ಗಟಗಟ ಖಾಲಿ ಮಾಡಿದಳು. ಟೀಚರ್ ಎದ್ದು ಗೋಡೆಯ ಮೇಲಿನ ಎಚ್ಚರಿಕೆಯ ಹಲಗೆಯನ್ನು ಓದಲು ಹೋದರು. ಓದಲು ಆಗಲಿಲ್ಲ. ಒಂದು ಮಗುವನ್ನು ಇಷ್ಟು ಒಣಗಿಸಿದ್ದೆನಲ್ಲ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಕೈಗೆ ಸೂಜಿ ಹಾಕುವಾಗ ಗುಬ್ಬಿ ಅಳಲಿಲ್ಲ. ಕೊಳವೆಯಂಥ ಯಂತ್ರದೊಳಗೆ ಹೋಗುವ ಹಾಸಿಗೆಯ ಮೇಲೆ ಟೆಕ್ನೀಷಿಯನ್ ದಪ್ಪನೆಯ ಪ್ಯಾಡು ಹಾಸಿದ. ಸೂಜಿಯಲ್ಲಿ ಎರಡು ಮದ್ದು ಬಿಡುತ್ತೇನೆ, ಒಂದು ಚಿತ್ರಕ್ಕೆ ಬೆಳಕು ಕೊಡುವುದು, ಇನ್ನೊಂದು ಉಚ್ಚೆ ಬರಿಸುವುದು. ಬಂದರೆ ಬಿಟ್ಟುಬಿಡು, ಪ್ಯಾಡು ಇರುವುದೇ ಅದಕ್ಕೆ, ಅಲ್ಲಾಡುವುದು ಮಾತ್ರ ಬೇಡ ಎಂದು ಬಿಡಿಸಿ ಹೇಳಿದ. ಅಮ್ಮ ಕಿವಿಗೆ ಹತ್ತಿಯಂಥದ್ದನ್ನು ತುರುಕಿಕೊಂಡು ಕಾಲಬುಡದಲ್ಲಿ ಕೂತರು. ಯಂತ್ರ ಬಡಿಯತೊಡಗಿತು, ರಸ್ತೆ ಅಗೆಯುವವರ ಸದ್ದಿನ ಹಾಗೆ.

ಕೊಳವೆಯಿಂದ ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಟೀಚರ್ ಒಂದನ್ನು ಹಿಡಿದುಕೊಂಡಿದ್ದರು. ಮೊದಲು ಪಾದ ಸಡಿಲವಾಗಿತ್ತು. ಮದ್ದು ಏರಿದ ಮೇಲೆ ಬೆರಳುಗಳು ಮಡಚಿಕೊಂಡವು, ಹಿಮ್ಮಡಿ ಬಿಗಿಯಿತು, ಮೀನಖಂಡ ನಡುಗತೊಡಗಿತು. ಮಗು ತಡೆದುಕೊಳ್ಳುತ್ತಿತ್ತು. ಬಿಡು ಎಂದು ಹೇಳಿದರೂ ತಡೆದುಕೊಳ್ಳುತ್ತಿತ್ತು, ಅಮ್ಮ ಪಕ್ಕದಲ್ಲೇ ಇದ್ದಳಲ್ಲ. ಬಿಡು ಕಂದ, ಬಿಟ್ಟುಬಿಡು ಎಂದು ಟೀಚರ್ ಆ ಸದ್ದಿನಲ್ಲಿ ಕೂಗಿದರು. ಕೇಳಿಸಿರಲಾರದು. ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಹಣೆಯಿಟ್ಟು ಕೂತರು. ಹೊರಗಿನ ಗಾಜಿನ ಹಿಂದಿನಿಂದ ಟೆಕ್ನೀಷಿಯನ್ ನೋಡುತ್ತಾನೆ ಎಂಬ ನಾಚಿಕೆಯೂ ಆಗ ಅವರಿಗೆ ಉಳಿದಿರಲಿಲ್ಲ.

ಸದ್ದು ನಿಂತು ಹಾಸಿಗೆ ಹೊರಗೆ ಜಾರಿ ಬಂತು. ಪ್ಯಾಡಿನ ಮೇಲೆ ಅಂಗೈಯಗಲ ಒದ್ದೆ. ಗುಬ್ಬಿ ಎದ್ದು ಕೂತು ಅದನ್ನು ನೋಡಿದಳು. ಯಾರೂ ಏನೂ ಕೇಳಿರಲಿಲ್ಲ. ಒಳಗೆ ಬಂದ ಟೆಕ್ನೀಷಿಯನ್ನನ ಕಡೆ ತಿರುಗಿ, ಪಾಠ ಒಪ್ಪಿಸುವವಳಂತೆ ನೆಟ್ಟಗೆ ಕೂತು ಹೇಳಿದಳು:

"ಬೇಕಂತಲೇ ಮಾಡ್ದೆ ಅಂಕಲ್."

ಅವನು ಜೋರಾಗಿ ನಕ್ಕ. ನಾನೇ ಮಾಡು ಎಂದಿದ್ದೆನಲ್ಲೇ ಮಾರಾಯ್ತಿ ಎಂದ. ಆದರೆ ಹುಡುಗಿ ಇನ್ನೂ ಏನನ್ನೋ ಕಾಯುತ್ತಿರುವ ಹಾಗೆ ಅವನನ್ನೇ ನೋಡುತ್ತಿದ್ದಳು. ಅವನು ಅವಳ ಮುಖ ನೋಡಿದ, ಅವಳ ಅಮ್ಮನ ಮುಖ ನೋಡಿದ, ಮೀಸೆಯ ಕೆಳಗಿನ ನಗು ಹಾಗೇ ನಿಂತುಹೋಯಿತು. ಪ್ಯಾಡು ಸುತ್ತಿ ಎತ್ತಿಕೊಂಡು, ತುಂಬ ಜಾಣೆ ನೀನು, ಒಂಚೂರೂ ಅಲ್ಲಾಡಲಿಲ್ಲ ಎಂದಷ್ಟೇ ಹೇಳಿ ಹೊರಟುಹೋದ.

ಹೊರಗೆ ಬುಟ್ಟಿ ಹಿಡಿದು ಕೂತಿದ್ದ ಗಂಡ, ಹೇಗಾಯಿತು ಎಂದು ಕೇಳಿದ. ಟೀಚರ್ ತಮ್ಮ ಕೀಲಿಗೊಂಚಲನ್ನು ಬುಟ್ಟಿಯಲ್ಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದರು. ನೂರು ಮಕ್ಕಳಿಗೆ ನಿಜ ಹೇಳುವುದನ್ನು ಕಲಿಸಿದೆ ಎಂದು ಮೆರೆದವರು, ಹೆತ್ತ ಮಗಳಿಗೆ ಸುಳ್ಳು ಹೇಳುವುದನ್ನು ಕಲಿಸಿದ್ದರು. ಅದೂ ತನ್ನ ಮೇಲೇ ತಾನು ಹೇಳಿಕೊಳ್ಳುವ ಸುಳ್ಳು.

ಚಿತ್ರಗಳು ಬಂದಮೇಲೆ ಡಾಕ್ಟರು ಇಬ್ಬರನ್ನೂ ಒಳಗೆ ಕೂರಿಸಿಕೊಂಡರು. ಗುಬ್ಬಿ ಹೊರಗಿನ ಕೋಣೆಯಲ್ಲಿ ಬಣ್ಣ ಹಚ್ಚುತ್ತಿದ್ದಳು, ನಿಂತುಕೊಂಡೇ. ಕಂಪ್ಯೂಟರಿನ ಪರದೆಯ ಮೇಲೆ ಕಪ್ಪಿನ ನಡುವೆ ಬೆಳ್ಳಗೆ ಮೂತ್ರಪಿಂಡಗಳೆರಡು, ಕೆಳಗೆ ಬೆಳ್ಳನೆಯ ಮೂತ್ರಚೀಲ. ಬಲಗಡೆಯಿಂದ ಒಂದು ಎಳೆ ಇಳಿದು ಚೀಲ ಸೇರುತ್ತಿತ್ತು. ಅದು ಇರಬೇಕಾದ ರೀತಿ ಎಂದರು ಡಾಕ್ಟರು. ಎಡಗಡೆ ಇಳಿಯುತ್ತಿದ್ದದ್ದು ಎರಡು ಎಳೆ. ಒಂದು ಚೀಲಕ್ಕೆ ಹೋಗುತ್ತಿತ್ತು. ಇನ್ನೊಂದು, ಮೂತ್ರಪಿಂಡದ ನೆತ್ತಿಯ ಪುಟ್ಟ ತುಣುಕಿನಿಂದ ಹೊರಟದ್ದು, ಚೀಲವನ್ನು ಬಳಸಿಕೊಂಡು ಇನ್ನೂ ಕೆಳಗೆ ಹೋಗಿ ತೆರೆದುಕೊಂಡಿತ್ತು. ಡಾಕ್ಟರು ಪೆನ್ನಿನ ತುದಿಯಿಂದ ಆ ಜಾಗ ತೋರಿಸಿದರು.

"ಚೀಲದ ಬಾಯಿಗೆ ಬಿಗಿ ಇರುತ್ತೆ, ನಾವು ತಡ್ಕೊಳ್ಳೋದು ಅದ್ರಿಂದ. ಈ ನಾಳ ಆ ಬಿಗಿಯ ಆಚೆ ತೆರ್ಕೊಂಡಿದೆ. ಇದನ್ನ ತಡ್ಕೊಳ್ಳೋಕೆ ಯಾರಿಂದ್ಲೂ ಆಗಲ್ಲ, ನಿಮ್ಮಿಂದ್ಲೂ ಆಗಲ್ಲ, ನನ್ನಿಂದ್ಲೂ ಆಗಲ್ಲ. ಹಗಲೂ ರಾತ್ರಿ ಹನೀತಾನೇ ಇರುತ್ತೆ."

ಚೀಲಕ್ಕೆ ಹೋಗುವುದು ಸರಿಯಾಗಿಯೇ ಹೋಗುತ್ತದೆ, ಅದಕ್ಕೇ ಬಚ್ಚಲಿಗೆ ಹೋಗುವುದರಲ್ಲಿ ಏನೂ ತೊಂದರೆಯಿಲ್ಲ ಎಂದು ವಿವರಿಸಿದರು. ಸರಿಯಾಗಿ ಹೋಗಿಯೂ ಸದಾ ತೇವವಾಗಿರುವ ಹೆಣ್ಣುಮಗು ಎಂದರೆ ಮೊದಲು ನೆನಪಾಗಬೇಕಾದದ್ದೇ ಇದು. ಆಪರೇಷನ್ನಿನಲ್ಲಿ ಸರಿಯಾಗುತ್ತದೆ, ಹೆದರುವ ಕಾರಣವಿಲ್ಲ. ಮೊದಲ ಜ್ವರದಲ್ಲೇ ಹೇಳಿದ್ದರೆ ಎರಡನೆಯದು ತಪ್ಪುತ್ತಿತ್ತು ಎಂದು ಕೊನೆಗೆ ಒಂದು ಮಾತು ಸೇರಿಸಿದರು, ಕಟುವಾಗಿಯಲ್ಲ.

ಯಾವಾಗಿನಿಂದ ಹೀಗೆ ಎಂದು ಗಂಡ ಕೇಳಿದ. ಹುಟ್ಟುವುದಕ್ಕೂ ಮುಂಚಿನಿಂದ ಎಂದರು ಡಾಕ್ಟರು. ಗಂಡ ಹೆಂಡತಿಯ ಕಡೆ ತಿರುಗಲಿಲ್ಲ. ತಿರುಗಿ ಒಂದು ಮಾತು ಬೈದಿದ್ದರೆ ಟೀಚರ್‌ಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ತನ್ನ ಎರಡು ಕೈಗಳನ್ನೇ ನೋಡಿಕೊಳ್ಳುತ್ತ ಕೂತ.

"ನಾನು ನಿಮ್ಗೆ ಸುಳ್ಳು ಹೇಳ್ದೆ ಡಾಕ್ಟ್ರೇ" ಎಂದರು ಟೀಚರ್. "ಗೊತ್ತಿದ್ದೂ ಹೇಳ್ದೆ. ನನ್ನ ಹೆಸರು ಕೆಡುತ್ತೆ ಅಂತ. ಅವಳು ಅಲ್ಲೇ ಮಲಗಿದ್ಲು."

"ನಂಗೆ ಹೇಳಿ ಏನು ಪ್ರಯೋಜನ? ಅವಳಿಗೆ ಹೇಳಿ."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಟೀಚರ್ ಮನಸ್ಸಿನಲ್ಲೇ ಮಾತು ಜೋಡಿಸಿದರು. ತಪ್ಪು ಎನ್ನಬೇಕೋ, ಕ್ಷಮಿಸು ಎನ್ನಬೇಕೋ. ಏಳು ವರ್ಷದ ಮಗುವಿನ ಮುಂದೆ ತಾಯಿ ತಲೆ ತಗ್ಗಿಸಿದರೆ ಮಗು ಹೆದರುವುದೇ? ಸೀಟು ಖಾಲಿಯಿದ್ದರೂ ಗುಬ್ಬಿ ಅಪ್ಪನ ಮೊಣಕಾಲು ಹಿಡಿದು ನಿಂತೇ ಇದ್ದಳು. ಬೇರೆಯವರ ಮಕ್ಕಳ ವಿಷಯದಲ್ಲಿ ಟೀಚರ್‌ಗೆ ಮಾತಿಗೆ ಬರವಿರಲಿಲ್ಲ. ಈಗ ಇಳಿಯುವ ನಿಲ್ದಾಣ ಬಂದರೂ ಒಂದು ವಾಕ್ಯ ಕೂಡಿ ಬಂದಿರಲಿಲ್ಲ. ಒಂದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಪರೇಷನ್ನು ಹನಿಯುವುದನ್ನು ನಿಲ್ಲಿಸುತ್ತದೆ, ಅಷ್ಟೇ. ತಾನು ಕೆಟ್ಟವಳು ಎಂದು ಆ ಮಗು ನಂಬಿಕೊಂಡಿರುವುದನ್ನು ತೆಗೆಯುವ ಡಾಕ್ಟರು ಎಲ್ಲೂ ಇಲ್ಲ. ಅದನ್ನು ಹಾಕಿದವರೇ ತೆಗೆಯಬೇಕು.

ಮನೆಗೆ ಬಂದು, ದೊಡ್ಡ ಲೋಟದ ತುಂಬ ನೀರು ಕೊಟ್ಟು, ಟೀಚರ್ ಮಗಳನ್ನು ನಡುಮನೆಯ ಸೋಫಾದ ಮೇಲೆ ಕೂರಿಸಿದರು. ಕೂರಲೊಲ್ಲೆ ಎಂದವಳನ್ನು ಕೈಹಿಡಿದು ಕೂರಿಸಿದರು. ತಾವು ನೆಲದ ಮೇಲೆ, ಅವಳ ಕಾಲ ಹತ್ತಿರ ಕೂತರು. ಹೊಟ್ಟೆಯೊಳಗೆ ಒಂದು ಪುಟ್ಟ ಕೊಳವೆ ಹೋಗಬಾರದ ಕಡೆ ಹೋಗಿದೆ, ಒದ್ದೆಯಾಗುತ್ತಿದ್ದದ್ದು ಅದರಿಂದ, ನಿನ್ನಿಂದ ಅಲ್ಲ ಎಂದು ಹೇಳಿದರು. ನೀನು ಯಾವತ್ತೂ ಬೇಕಂತ ಮಾಡಲಿಲ್ಲ, ನಾನೇ ಹಾಗೆ ಹೇಳಿಸಿದೆ ಎಂದರು. ಡಾಕ್ಟರ ಹತ್ತಿರ ಸುಳ್ಳು ಹೇಳಿದ್ದೂ ನಾನೇ. ತಪ್ಪೆಲ್ಲ ನನ್ನದು, ನಿನ್ನದು ಒಂದಿಷ್ಟೂ ಇಲ್ಲ ಕಂದ. ಹೇಳುತ್ತ ಹೇಳುತ್ತ ಅವರ ದನಿ ಒಡೆಯಿತು. ಬಾಗಿಲ ಹತ್ತಿರ ನಿಂತಿದ್ದ ಗಂಡ ಕಣ್ಣೊರೆಸಿಕೊಂಡು ಒಳಗೆ ಹೋದ.

ಗುಬ್ಬಿ ಎಲ್ಲವನ್ನೂ ಕೇಳಿಸಿಕೊಂಡಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅಮ್ಮನ ಮುಖವನ್ನು ಎವೆಯಿಕ್ಕದೆ ನೋಡುತ್ತಿದ್ದಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅಷ್ಟು ವರ್ಷ ಟೀಚರಾಗಿದ್ದವರಿಗೆ, ಅರ್ಥವಾಯಿತೋ ಇಲ್ಲವೋ ಎಂದು ಕೇಳದೆ ಪಾಠ ಮುಗಿಸಲು ಬರುವುದಿಲ್ಲ.

"ಹಾಗಾದ್ರೆ ಈಗ ಹೇಳು ಪುಟ್ಟ. ಬೇಕಂತ ಮಾಡ್ತಿದ್ಯಾ ನೀನು?"

ಗುಬ್ಬಿ ಒಂದು ಕ್ಷಣ ಅಮ್ಮನ ಕಣ್ಣಿನಲ್ಲಿ ಏನನ್ನೋ ಹುಡುಕಿದಳು. ಸಿಕ್ಕಿತೆಂದು ಕಾಣುತ್ತದೆ. "ಇಲ್ಲ. ಗೊತ್ತಿಲ್ದೆ ಆಗ್ತಿತ್ತು" ಎಂದಳು.

ಟೀಚರ್ ಕೈ ಚಾಚಿ ಮಗಳನ್ನು ಸೋಫಾದಿಂದ ಇಳಿಸಿಕೊಂಡು ತಬ್ಬಿಕೊಂಡರು. ಎದೆಯ ಮೇಲಿನ ಬಂಡೆ ಜರುಗಿದಂತಾಗಿ ಉದ್ದಕ್ಕೆ ಉಸಿರುಬಿಟ್ಟರು. ಗುಬ್ಬಿ ಅವರ ಭುಜದ ಮೇಲೆ ಗಲ್ಲವೂರಿ, ಕಿವಿಯ ಹತ್ತಿರ, ಮೆಲ್ಲಗೆ ಕೇಳಿದಳು.

"ಈಗ ಸರಿಯಾಗಿ ಹೇಳಿದ್ನಾ ಅಮ್ಮ?"

ಹೂಂ ಎಂದರೆ ಅದೂ ಒಪ್ಪಿಸಿದ ಪಾಠವೇ ಆಗುತ್ತದೆ. ಉಹೂಂ ಎಂದರೆ ಮಗು ಮತ್ತೆ ಹಳೆಯ ಉತ್ತರಕ್ಕೆ ಓಡುತ್ತದೆ. ಬಿಗಿಯಾಗಿ ತಬ್ಬಿಕೊಂಡರೆ ಸರಿ ಎಂದ ಹಾಗೆ, ಕೈ ಸಡಿಲಿಸಿದರೆ ತಪ್ಪು ಎಂದ ಹಾಗೆ. ಗಡಿಯಾರ ಟೀಚರ್ ಮಗಳನ್ನು ಹಿಡಿದುಕೊಂಡು ನೆಲದ ಮೇಲೆ ಕೂತೇ ಇದ್ದರು. ಗುಬ್ಬಿ ಉತ್ತರಕ್ಕಾಗಿ ಕಾಯುತ್ತಿದ್ದಳು.